ಯಾರ ಏಳು?

ಕುಮಾಸಿ, ಸುವಾಮೆಯ ಗ್ಯಾರೇಜು ಸಾಲು.
ಹರ್ಮಟ್ಟಾನ್ ಬೀಸುವ ತಿಂಗಳು. ಬೆಳಿಗ್ಗೆ ಎಷ್ಟು ಒರೆಸಿದರೂ
ಹತ್ತು ಗಂಟೆಗೆ ನನ್ನ ಡಬ್ಬಿಗಳ ಮೇಲೆ
ಸಹಾರಾದ ಧೂಳಿನಲ್ಲಿ ಹೆಸರು ಬರೆಯಬಹುದು.

ಓಪೊಕು ಬಂದ. ಕಿತ್ತಳೆ ಕೆನ್ನೆಯ ಪುಟ್ಟ ಟ್ಯಾಕ್ಸಿ
ಕೆಮ್ಮಿ, ಸೀನಿ, ಚರಂಡಿಯಂಚಿಗೆ ನಿಂತಿತು.
"ಸೆರ್ವಾ, ಒಂದು ಪ್ಲಗ್ಗು ಕೊಡು. ಅಗ್ಗದ್ದು."
ಒಂದೇ ಯಾಕೆ?
"ಮೂರರಲ್ಲಿ ಒಂದೇ ತಾನೇ ಸತ್ತಿರುವುದು?"

ಹೊಸದು ತೋರಿಸುವ ಮೊದಲು ನಾನು ಹಳೆಯದು ಕೇಳುತ್ತೇನೆ.
ಗೊಣಗಿದ. ಬಿಚ್ಚಿ ತಂದ.
ಮೂರನ್ನೂ ಚಿಂದಿಯ ಮೇಲೆ ಮಲಗಿಸಿ
ಸೂಲಗಿತ್ತಿ ಕೂಸಿನ ಬಾಯಿ ನೋಡುವ ಹಾಗೆ
ಒಂದೊಂದರ ಮೂತಿ ಬೆಳಕಿಗೆ ಹಿಡಿದೆ.

ಒಣಗಿದ ಕೋಕೋ ಬೀಜದ ಬಣ್ಣವಿದ್ದರೆ ಸಂಸಾರ ನೆಟ್ಟಗಿದೆ.
ಎಣ್ಣೆ ಜಿನುಗಿದ್ದರೆ ರಿಂಗು ಸವೆದಿದೆ, ನನ್ನಲ್ಲಿ ಮದ್ದಿಲ್ಲ.
ಸುಣ್ಣದಂತೆ ಬಿಳಿಚಿದ್ದರೆ ಒಳಗೆ ಜ್ವರ.
ಇವು ಮೂರೂ ಕಪ್ಪು. ಒಣ ಕಪ್ಪು.
ಮುಟ್ಟಿದರೆ ಬೆರಳಿಗೆ ಕಾಡಿಗೆ.

ಬುಡದ ಅಂಕಿ ಉಜ್ಜಿ ಓದಿದೆ.
ಇದು ತಂಪು ಜಾತಿಯದು, ಓಪೊಕು.
ಪೆಟ್ರೋಲು ಗಾಡಿಗೆ ಇದನ್ನು ಯಾರು ಹಾಕಿದರು?
ಅವನು ಆಕಾಶ ನೋಡಿದ.
ಆಕಾಶದಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ.

"ಆಗ ಗ್ಯಾಸಿನಲ್ಲಿ ಓಡುತ್ತಿತ್ತು."
ಸಿಲಿಂಡರು ಎಲ್ಲಿ?
ಡಿಕ್ಕಿ ತೆರೆದ. ಒಂದು ಕೊಡೆ, ಬೋಳು ಟೈರು,
ನಡುವೆ ದುಂಡನೆ ತುಕ್ಕಿನ ಗುರುತು.
"ಫೊಸುವಾ ಕೆಂಕೆ ಮಾರಲು ಶುರು ಮಾಡಿದ್ದಾಳೆ.
ಇದ್ದಿಲ ಹೊಗೆ ಅವಳ ಕಣ್ಣಿಗಾಗದು.
ಬಿಚ್ಚಿ ಕೊಟ್ಟುಬಿಟ್ಟೆ."

ಹಾಗನ್ನಬಾರದೆ ಮೊದಲೇ!
ಗ್ಯಾಸಿನದು ಒಣ ಉರಿ; ಅದಕ್ಕೆ
ಕಾವನ್ನು ಆಚೆ ದಾಟಿಸಿ ಕೈತೊಳೆದುಕೊಳ್ಳುವ ಪ್ಲಗ್ಗು ಸರಿ.
ಕೆಜೆಟಿಯಾ ಸಂತೆಯ ನೂಕುನುಗ್ಗಲಲ್ಲಿ
ಹೆಜ್ಜೆಗೊಮ್ಮೆ ನಿಲ್ಲುವ ಪೆಟ್ರೋಲು ಗಾಡಿಗೆ
ಸಿಟ್ಟನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೂತಿ ಬೇಕು,
ತನ್ನ ಮಸಿ ತಾನೇ ಸುಟ್ಟುಕೊಳ್ಳಲು.

"ಹಾಗಾದರೆ ದೊಡ್ಡ ಅಂಕಿಯದು ಕೊಡು."
ಈ ಕಂಪನಿಗೆ ಅಂಕಿ ಏರಿದರೆ ತಂಪು,
ಆ ಕಂಪನಿಗೆ ಏರಿದರೆ ಬಿಸಿ.
ಏಳು ಅಂದರೆ ಯಾರ ಏಳು ಅಂತ ಕೇಳಬೇಕಪ್ಪ.

ಹೊಳೆಯುವ ಪೆಟ್ಟಿಗೆಯೊಂದನ್ನು ಅವನೇ ಎತ್ತಿಕೊಂಡ.
ಇಳಿಸು ಅಂದೆ. ಹೆಸರಲ್ಲೇ ಒಂದಕ್ಷರ ತಪ್ಪು,
ತಿರುಪಿನ ಸುತ್ತು ಇಲಿ ಕಡಿದ ಹಾಗೆ.
ಮತ್ತೆ ನೀನೇಕೆ ಇಟ್ಟಿದ್ದೀಯ ಅಂದ.
ಕೇಳಿಕೊಂಡು ಬರುವವರಿದ್ದಾರೆ.
ಆ ಪಾಪ ನನ್ನದು, ನನಗಿರಲಿ.

ಕೊಟ್ಟದ್ದು ಬಳಸಿದ್ದನ್ನೇ. ಯಾವುದೋ ಚಳಿದೇಶದಲ್ಲಿ
ನುಜ್ಜಾದ ಗಾಡಿಯಿಂದ ಕಳಚಿ ಹಡಗು ಹತ್ತಿ ಬಂದದ್ದು.
ಅಸಲಿ. ಮೂತಿಗೆ ಕೋಕೋ ಬಣ್ಣ.
ಒಂದು ಮನೆಯಲ್ಲಿ ಬಾಳಿದ್ದು ಇನ್ನೊಂದರಲ್ಲೂ ಬಾಳೀತು.

"ಮೂರೂನಾ?"
ಮೂರೂ. ಒಲೆಗುಂಡು ಮೂರೂ ಒಂದೇ ಎತ್ತರ ಇರದಿದ್ದರೆ
ಮಡಕೆ ಏನಾಗುತ್ತದೆ, ನಿನ್ನ ಹೆಂಡತಿಯನ್ನು ಕೇಳು.

ತಗಡಿನೆಲೆಯ ಅಳತೆಪಟ್ಟಿ ತೂರಿಸಿ
ಸಂದು ನೋಡಿದೆ. ಒಂದು ಮಿಲಿಮೀಟರಿಗೂ ಒಳಗೆ.
ಎರಡು ಸರಿ. ಮೂರನೆಯದರ ಕೊಕ್ಕನ್ನು
ಹಲಗೆಗೆ ಮೆಲ್ಲಗೆ ಕುಟ್ಟಿದೆ,
ಎಲೆ ಜಾರುವಾಗ ಸ್ವಲ್ಪವೇ ಸ್ವಲ್ಪ ತಡೆಯುವಷ್ಟು.
ಕೈಯಲ್ಲೇ ತಿರುಗಿಸು, ಆಮೇಲೆ ಪಾನಾ ಹಿಡಿ, ಅಂದೆ.
ಅವನು ಮೊದಲೇ ಪಾನಾ ಹಿಡಿದಿದ್ದ.

ಹೊರಟಿತು. ಕೆಮ್ಮಲಿಲ್ಲ.
ಮೂಲೆಯಲ್ಲಿ ತಿರುಗುವಾಗ ಮಾತ್ರ
ಹಳೆಯ ಚಟದಂತೆ ಒಮ್ಮೆ ಗಂಟಲು ಸರಿಮಾಡಿಕೊಂಡಿತು.

ಅರ್ಧ ದುಡ್ಡು ಕೊಟ್ಟಿದ್ದ. ಉಳಿದದ್ದಕ್ಕೆ ಮಾರನೆಯ ದಿನ
ಬಾಳೆಲೆ ಸುತ್ತಿದ ಕೆಂಕೆ ಬಂತು, ಆರು ಉಂಡೆ.
ಬಿಚ್ಚಿದೆ. ಮೇಲೆ ಹದ, ನಡುವೆ ಹಸಿಹಸಿ.
ಹೊಸ ಉರಿ. ಕೈ ಕೂಡಿಬರಲು
ಫೊಸುವಾಗೆ ಇನ್ನೊಂದು ವಾರ ಬೇಕು.
ತಿಂದೆ.