ಲೇಸು

ರಪೋಸದ ನಮ್ಮ ಕೇರಿಯಲ್ಲಿ ಹೆಂಗಸರೆಲ್ಲ ಲೇಸು ಹೆಣೆಯುವವರು.
ಹುಲ್ಲು ತುಂಬಿದ ದಿಂಬು, ಕಳ್ಳಿಮುಳ್ಳಿನ ಸೂಜಿ,
ಬೆರಳ ಸಂದಿಯಲ್ಲಿ ಮರದ ಕಡ್ಡಿಗಳು ಟಕಟಕ ಮಾತಾಡುತ್ತವೆ;
ಹಾಗಾಗಿ ಬಾಯಿಮಾತು ಕಡಿಮೆ.

ಎವಾಂದ್ರು ಹೇಳಲಿಲ್ಲ. ಎರಡು ಮಳೆಗಾಲ ಹೇಳಲಿಲ್ಲ.
ಮೊದಲು ನುಸಿ ಕಚ್ಚಿದ ಗುಳ್ಳೆ ಅಂದುಕೊಂಡನಂತೆ,
ಆಮೇಲೆ ಉಪ್ಪುನೀರಿನ ಹುಣ್ಣು,
ಆಮೇಲೆ ಏನೂ ಅಂದುಕೊಳ್ಳದೆ
ಕತ್ತಲಲ್ಲಿ ತನ್ನ ಬಟ್ಟೆ ತಾನೇ ಒಗೆದುಕೊಂಡ.
ನನಗೆ ಬೇರೆ ಹೆಣ್ಣಿನ ಅನುಮಾನ. ಮೂಸಿ ನೋಡಿದೆ.
ಅತ್ತರಿನ ವಾಸನೆ ಬಂದಿದ್ದರೆ
ಜಗಳವಾಡಿಕೊಂಡು ಬದುಕಬಹುದಿತ್ತು.

ಕೊಯ್ದರು.
ಜೀವ ಉಳಿಯಿತಲ್ಲ ಎಂದರು ಎಲ್ಲರೂ. ನಿಜ.
ಉಳಿದ ಜೀವ ಕೂತುಕೊಂಡೇ ಉಚ್ಚೆ ಹೊಯ್ಯಬೇಕಿತ್ತು.
ದೋಣಿಯಲ್ಲಿ ಎಲ್ಲಿ ಕೂರುವುದು, ಐದು ಗಂಡಸರ ನಡುವೆ?
ದೋಣಿ ಬಿಟ್ಟ. ಹರಿದ ಬಲೆ ಹೊಲಿಯತೊಡಗಿದ.
ಗೆಳೆಯರು ಬಂದರೆ ಒಳಕ್ಕೆದ್ದು ಹೋದ.
ಒಂದೇ ಜೋಲಿ ಎರಡಾಯಿತು.

ಮೂರು ವರ್ಷ ರೋಗ ಮರಳದಿದ್ದ ಮೇಲೆ
ಡಾಕ್ಟರ್ ಗ್ಲೌಸಿಯ ಕಾಗದದಲ್ಲಿ ಗೀಟೆಳೆದು ತೋರಿಸಿದಳು:
ಎಡ ಮುಂಗೈಯ ಚರ್ಮ, ಅದರ ರಕ್ತನಾಳ, ಅದರ ನರ,
ಸುರುಳಿ ಸುತ್ತಿ ಇಲ್ಲಿಂದ ಅಲ್ಲಿಗೆ.
"ಕೂದಲಿಗಿಂತ ತೆಳ್ಳಗಿನ ದಾರ" ಎಂದಳು.
ನಾನು ಕೇಳಿದ್ದು ಒಂದೇ: ಎಷ್ಟು ಎಳೆ?
ಆಕೆ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಹತ್ತು ತಾಸು.
ಹೊರಗಿನ ಬೆಂಚಿನ ಮೇಲೆ ಅಂಗೈಯಗಲ ಹೆಣೆದು
ಎರಡು ಸಲ ಬಿಚ್ಚಿದೆ.
ರಾತ್ರಿಯೆಲ್ಲ ನರ್ಸು ತಾಸಿಗೊಮ್ಮೆ ಬಂದು
ಪುಟ್ಟ ಯಂತ್ರ ಇಟ್ಟು ಕಿವಿಗೊಟ್ಟಳು,
ಶ್ಶೂ, ಶ್ಶೂ, ಶ್ಶೂ,
ಉಬ್ಬರ ಕಾಲುವೆಗೆ ನುಗ್ಗುವಾಗಿನ ಸದ್ದು.
"ರಕ್ತ ಹರಿಯುತ್ತಿದೆ" ಎಂದಳು. ಅದನ್ನು ನನಗೆ ಹೇಳಬೇಕೆ.

ಕಟ್ಟು ಬಿಚ್ಚಿದ ದಿನ ಅವನು ಚಾವಣಿ ನೋಡಿದ.
ನಾನು ನೋಡಿದೆ.
ಊದಿತ್ತು, ನೀಲಿಗೆಂಪಾಗಿತ್ತು,
ಇನ್ನೂ ಯಾರ ಹೋಲಿಕೆಯೂ ಬಾರದ ಹಸುಗೂಸಿನ ಹಾಗೆ.
ಅಂಚು ನೋಡಿದೆ. ನಲವತ್ತು ವರ್ಷದ ಕಸುಬು ನನ್ನದು,
ಅಂಚು ಸುಳ್ಳು ಹೇಳುವುದಿಲ್ಲ.
ಒಂದು ಕಡೆ ಮಾತ್ರ ದಾರ ತುಸು ಬಿಗಿ.
ಲೇಸಾಗಿದೆ, ಎಂದೆ.

ಆ ಮುಂಗೈ ಇಪ್ಪತ್ತಾರು ವರ್ಷ ನನ್ನ ತಲೆದಿಂಬು.
ಈಗ ತೊಡೆಯ ತೇಪೆ ಹಾಕಿಕೊಂಡು ಒರಟಾಗಿದೆ, ಗುಳಿ ಬಿದ್ದಿದೆ.
ಕೆನ್ನೆಯಿಟ್ಟಾಗ ಒಮ್ಮೊಮ್ಮೆ ಯೋಚಿಸುತ್ತೇನೆ
ನನ್ನ ದಿಂಬು ಎಲ್ಲಿಗೆ ಹೋಯಿತೆಂದು. ನಗು ಬರುತ್ತದೆ.
ಹೇಳಿದರೆ ಅವನಿಗೂ ಬರುತ್ತದೆ,
ಜೋಲಿ ಅಲುಗುತ್ತದೆ.

ಮಿಕ್ಕಿದ್ದೆಲ್ಲ ತಡವಂತೆ. ನರ ಬೆಳೆಯುವುದು
ದಿನಕ್ಕೊಂದು ಸಾಸಿವೆಕಾಳಿನಷ್ಟೂ ಇಲ್ಲ.
ಒಂದು ರಾತ್ರಿ ಮಾತ್ರ ಎದ್ದು ಕೂತು
"ಇರುವೆ ಹರಿದ ಹಾಗಾಯಿತು" ಎಂದ.
ದೀಪ ಹಚ್ಚಿ ಹುಡುಕಿದೆವು. ಇರುವೆ ಇರಲಿಲ್ಲ.
ದೀಪ ಆರಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಮೊನ್ನೆ ಇಳಿತದ ಹೊತ್ತು,
ದೋಣಿಗಳೆಲ್ಲ ಕೆಸರಲ್ಲಿ ಮಗ್ಗುಲಾಗಿ ಬಿದ್ದಿದ್ದವು.
ಕಾಂಡ್ಲಾ ಗಿಡಗಳ ಕಡೆ ಮುಖಮಾಡಿ ನಿಂತುಕೊಂಡ.
ಬಹಳ ಹೊತ್ತು ನಿಂತೇ ಇದ್ದ.
ಬಂದಾಗ ಒಂದು ಚಪ್ಪಲಿ ಒದ್ದೆ.
"ಗಾಳಿ" ಎಂದ.
ಗಾಳಿಯಿರಲಿಲ್ಲ.