ಖಚಿತ ಮಾಹಿತಿ ಮೇರೆಗೆ

ಹದಿನೇಳು ವರ್ಷದಿಂದ ನಾನು ಸ್ಟೇಷನ್ ರೈಟರು.
ಅಕ್ಷರ ದುಂಡಗಿದೆ ಅಂತ ಕೂರಿಸಿದರು, ಎದ್ದಿಲ್ಲ.
ಗಾಂಜಾ ಕೇಸಾದರೆ ಮೊದಲ ಸಾಲು ಯಾವಾಗಲೂ ಒಂದೇ:
ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿ ಮೇರೆಗೆ.
ಮಾರನೇ ದಿನ ಪೇಪರಿನವರೂ ಅದನ್ನೇ ಎತ್ತಿಕೊಳ್ಳುತ್ತಾರೆ.
ಮೇಲೆ ಸಾಹೇಬರ ಫೋಟೊ, ಮೇಜಿನ ಮೇಲೆ ಪೊಟ್ಟಣ,
ಟವೆಲಿನಲ್ಲಿ ಮುಖ ಮುಚ್ಚಿಕೊಂಡ ಇಬ್ಬರು.

ಬಾತ್ಮೀದಾರರು ಎಂಬ ಆ ಬಹುವಚನದೊಳಗೆ
ಒಬ್ಬನೇ ಇದ್ದ.
ಗೌರವಕ್ಕಲ್ಲ, ಮರೆಗೆ ಹಚ್ಚಿದ ಬಹುವಚನ.

ಮುಳಬಾಗಿಲು ದಾಟಿ ನಂಗಲಿ ಕಡೆಗೆ, ಹೈವೇ ಪಕ್ಕದ ಮಂಡಿಯಲ್ಲಿ
ಟೊಮೆಟೊ ಕ್ರೇಟು ಎತ್ತುವವನು.
ಮೊದಲು ಸಿಕ್ಕಿದ್ದು ಅವನೇ, ಇನ್ನೂರು ಗ್ರಾಂ,
ಬೀಡಿ ಕಟ್ಟಿನ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು.
ಅರ್ಧ ಬರೆದಿದ್ದೆ. ಸಾಹೇಬರು ಸಾಕು ಎಂದರು.
ಪೆನ್ನಿಗೆ ಕ್ಯಾಪು ಹಾಕಿದೆ.
"ಮೂರು ಕೇಸು ಕೊಡು, ಈ ಕಾಗದ ಹರಿದು ಹಾಕ್ತೀನಿ."
ಅವನು ನನ್ನ ಕಡೆ ನೋಡಿದ.
ನಾನು ಗೋಡೆಯ ಮೇಲಿನ ಅಪರಾಧ ಪಟ್ಟಿ ನೋಡಿದೆ.

ಮೂರು ಕೊಟ್ಟ. ಆಮೇಲೆ ನಾಲ್ಕು. ಆಮೇಲೆ ಯಾರೂ ಎಣಿಸಲಿಲ್ಲ.
ರಾತ್ರಿ ಎರಡಕ್ಕೆ ಮಿಸ್ಡ್ ಕಾಲು, ಒಂದಾದರೆ ಬೈಕು, ಎರಡಾದರೆ ಲಾರಿ.
ಪಲಮನೇರು ದಾಟಿ ಖಾಲಿ ಕ್ರೇಟು ಹೊತ್ತು ಬರುವ ಲಾರಿಯಲ್ಲಿ
ಯಾವ ಕ್ರೇಟು ಖಾಲಿಯಲ್ಲ ಎಂದು ಅವನಿಗೆ ಗೊತ್ತು.
ಎತ್ತುವವನ ಬೆನ್ನು ಸುಳ್ಳು ಹೇಳುವುದಿಲ್ಲ.
ನಾವು ಪಂಚರನ್ನು ಎಬ್ಬಿಸಿ, ತಕ್ಕಡಿ ತೂಗಿ, ಅರಗು ಕಾಯಿಸಿ
ಸೀಲು ಒತ್ತುವಾಗ
ನೋಡುವವರ ಗುಂಪಿನಲ್ಲಿ ಅವನೂ ನಿಂತಿರುತ್ತಿದ್ದ, ಬರಿಗಾಲಲ್ಲಿ,
"ಎಂಥಾ ಕಾಲ ಬಂತಪ್ಪಾ" ಅನ್ನುತ್ತ.

ಒಮ್ಮೆ ಸಿಕ್ಕಿಬಿದ್ದವನು ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು.
ಬೆಳಿಗ್ಗೆ ಹಿಂಬಾಗಿಲಿಗೆ ಬಂದ, ಕಾಗದದಲ್ಲಿ ಎರಡು ಬನ್ನು.
"ಅವನಿಗೆ ಕೊಡಿ ಸಾ. ನಾನು ಅಂತ ಹೇಳ್ಬೇಡಿ."
ಬನ್ನಿಗೂ ಬಾತ್ಮೀದಾರರು.

ವೋಚರಿನಲ್ಲಿ ಒಮ್ಮೆ ರಾಮಯ್ಯ, ಒಮ್ಮೆ ಬಾಷಾ, ಒಮ್ಮೆ ಬರೀ ಚುಕ್ಕಿ.
ಹೆಬ್ಬೆಟ್ಟು ಮಾತ್ರ ಒಂದೇ.
ಸಾವಿರ ಎಂದು ಬರೆದು ಆರುನೂರು ಕೊಟ್ಟ ದಿನಗಳುಂಟು.
ಅದನ್ನು ಬರೆದವನೂ ನಾನೇ, ದುಂಡಗೆ.

ಹೋದ ಜೂನಿನಲ್ಲಿ ಸಾಹೇಬರಿಗೆ ವರ್ಗವಾಯಿತು.
ಹಾರ, ಮೈಸೂರು ಪಾಕು, ಗ್ರೂಪ್ ಫೋಟೊ.
ಫೋನು ಅವರ ಜೊತೆ ಹೋಯಿತು. ಕಾಗದ ಹೋಗಲಿಲ್ಲ,
ನನ್ನ ಡ್ರಾಯರಿನ ತಳದಲ್ಲಿ ಹಾಸಿದ ಹಳೇ ಪೇಪರಿನಡಿ ಇತ್ತು,
ಅರ್ಧ ಬರೆದದ್ದು, ಹರಿಯದೆ.

ಒಂದು ಸಂಜೆ ಬಂದು ನಿಂತ.
"ನಾನು ಕೆಲಸ ಮಾಡಿದ್ದೀನಿ ಅಂತ ಒಂದು ಚೀಟಿ ಬರ್ಕೊಡಿ ಸಾ,
ಹೊಸಬರಿಗೆ ತೋರಿಸ್ತೀನಿ."
ಯಾವ ಕೆಲಸ ಎಂದು ಬರೆಯಲಿ? ಯಾರ ಹೆಸರಿಗೆ?
"ನಾನೇ ಮಾತಾಡ್ತೀನಿ, ಹೋಗು" ಎಂದೆ.
ಮಾತಾಡಲಿಲ್ಲ. ಹೊಸಬರು ಸಿಟ್ಟಿನ ಮನುಷ್ಯ.

ಹೊಸಬರಿಗೆ ಅವರದೇ ಬಾತ್ಮೀದಾರರು, ಅವರದೇ ಖಚಿತ ಮಾಹಿತಿ.
ಸೋಮವಾರ ನಡುರಾತ್ರಿ ಜೀಪಿನಿಂದ ಇಳಿಸಿದರು,
ಒಂದು ಕೆಜಿ ನೂರು ಗ್ರಾಂ.
ಅವನದೋ, ಅವನಿಗೆ ಇಟ್ಟದ್ದೋ,
ಆ ಕಾಲಂ ನನ್ನ ಫಾರಮ್ಮಿನಲ್ಲಿಲ್ಲ.

"ಹೆಸರು?" ಎಂದೆ, ಗೊತ್ತಿಲ್ಲದವನ ಹಾಗೆ.
"ಪೆದ್ದನ್ನ."
ಪೆದ್ದಣ್ಣ ಎಂದು ಬರೆದೆ. ಬಗ್ಗಿ ನೋಡಿದ.
ಅವನಿಗೆ ಓದಲು ಬರುತ್ತದೆ ಎಂದು ತಿಳಿದದ್ದು ಆಗಲೇ.
ಅಷ್ಟು ವರ್ಷ ಹೆಬ್ಬೆಟ್ಟಿಗೆ ಮಸಿ ಹಚ್ಚಿದ್ದೆ.
"ಣ ಅಲ್ಲ ಸಾ, ನ. ತೆಲುಗು ಹೆಸರು, ತಾತಂದು.
ಆ ಕಡೆ ಅಂದ್ರೆ ದೊಡ್ಡೋನು ಅಂತ.
ಈ ಕಡೆ ಬಂದ್ರೆ ಎಲ್ರೂ ನಗ್ತಾರೆ."

ಹೊಡೆದು ಹಾಕಿ, ಮೇಲೆ ಸರಿಯಾಗಿ ಬರೆದೆ.
ತಿದ್ದಿದ ಕಡೆ ತಿದ್ದಿದವನ ಸಹಿ ಬೇಕು, ನಿಯಮ.
ಪಕ್ಕದಲ್ಲೇ ಸಣ್ಣದಾಗಿ ಹಾಕಿದೆ.
ನಮ್ಮಿಬ್ಬರ ಹೆಸರು
ಒಂದೇ ಸಾಲಿನಲ್ಲಿ ಬಿದ್ದದ್ದು ಅದೇ ಮೊದಲು.