ಕೊನೆಯಲ್ಲಿರುವ ಕೆಲಸ

ನನ್ನ ಕೆಲಸ ಇಷ್ಟೇ: ಕೊನೆಯಲ್ಲಿರುವುದು.
ಕೈಮರದಲ್ಲಿ ಸೀಟಿ ಊದಿ, ಎಪ್ಪತ್ತೊಂದು ಸೈಕಲ್ಲು
ಮಂಜಿನೊಳಗೆ ನುಗ್ಗಿ ಹೋದ ಮೇಲೆ
ಲೋಟದ ತಳದ ಚಹಾ ಮುಗಿಸಿ
ನಿಧಾನಕ್ಕೆ ಪೆಡಲಿಗೆ ಕಾಲಿಡುವುದು.
ಗಿಡಗಳಿಗೆ ಕಟ್ಟಿದ ಕೆಂಪು ರಿಬ್ಬನ್ನು ಬಿಚ್ಚಿ ಬಿಚ್ಚಿ
ಬೆನ್ನಚೀಲಕ್ಕೆ ತುಂಬುವುದು.
ನಾನು ದಾಟಿದ ಮೇಲೆ ಅದು ರೇಸಿನ ದಾರಿಯಲ್ಲ,
ಮತ್ತೆ ದನ ಇಳಿಯುವ ಜಾಡು,
ಕಾಟಿ ಅಡ್ಡ ಹಾಯುವ ಕಂಡಿ.

ನನ್ನ ಮುಂದೆ ಒಬ್ಬರೇ. ನಂಬರು ಅರವತ್ತಮೂರು,
ಲಿಂಗದಹಳ್ಳಿಯ ಹಾಲಪ್ಪ, ಲೈನ್‌ಮನ್,
ರಿಟೈರಾಗಲು ಇನ್ನು ಹನ್ನೊಂದು ತಿಂಗಳು.
ಯಾರೋ ಮಾರಿಬಿಟ್ಟ ಗೇರಿನ ಸೈಕಲ್ಲು,
ಇಲಾಖೆಯ ಹಳದಿ ಹೆಲ್ಮೆಟ್ಟು.
"ಇದು ನಡೆಯಲ್ಲ" ಅಂದರಂತೆ ರೇಸಿನವರು.
"ಮೂವತ್ತು ವರ್ಷ ನಡೆದಿದೆ" ಅಂದರಂತೆ ಇವರು.

ಏರು ಅನ್ನುವುದು ಬಾಯಿಮಾತು, ಅದು ಗೋಡೆ.
ಸಡಿಲ ಕಲ್ಲು ಗಾಲಿಯಡಿ ಉರುಳಿ
ಎರಡಡಿ ಮುಂದೆ, ಒಂದಡಿ ಹಿಂದೆ.
ಮುಂದಿನ ಗಾಲಿ ಕರುವಿನ ಹಾಗೆ ಮೂಗೆತ್ತಿ
ಆಕಾಶ ಮೂಸುತ್ತದೆ. ಎದೆಯಿಂದ ಅದನ್ನು ಒತ್ತಿ ಹಿಡಿದರೆ
ಹಿಂದಿನದು ನೆಲ ಬಿಡುತ್ತದೆ.
ಹಣ್ಣು ಕೊಯ್ಯಲು ಹೊರಟ ಹೆಂಗಸರ ಪಿಕಪ್ಪು
ಪಕ್ಕಕ್ಕೆ ಸರಿದು ನಿಂತಿತು. ಒಳಗಿಂದ ಒಬ್ಬಳು:
"ದುಡ್ಡು ಕೊಟ್ಟರೂ ನಾವು ಹತ್ತಲ್ಲ ಕಣಕ್ಕಾ,
ನೀವು ದುಡ್ಡು ಕಟ್ಟಿ ಹತ್ತುತೀರಾ?"
ಉಸಿರಿದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಹಾಲಪ್ಪ ಮಾತ್ರ ತಲೆ ಮೇಲೆತ್ತಿ ತುಳಿಯುತ್ತಾರೆ.
"ಆ ತಿರುವಿಗೆ ಇನ್ನು ಒಂಬತ್ತು ಕಂಬ, ಮೇಡಂ."
ಕಿಲೋಮೀಟರು ಅವರ ಲೆಕ್ಕದಲ್ಲಿಲ್ಲ.
"ಇದನ್ನು ಹೆಗಲ ಮೇಲೆ ತಂದದ್ದು ನಾವು ಎಂಟು ಜನ.
ಇಬ್ಬರು ಈಗಿಲ್ಲ."
ಎಂಟು ಕಂಬ. ಏಳು.

ಅತ್ತಿಗುಂಡಿ ದಾಟಿ ಜಾಡು ಹೊರಳಿದಲ್ಲಿ
ಕಂಬಗಳು ಮುಗಿದವು. ತಂತಿ ಕಣಿವೆಗೆ ಹಾರಿಕೊಂಡಿತು.
ಮುಂದೆ ಬರೀ ಹುಲ್ಲು, ಗಾಳಿ, ಗೇಣಗಲದ ಏಣು.
ಕಣ್ಣು ಹೋದತ್ತ ಗಾಲಿ, ಅದು ಸೈಕಲ್ಲಿನ ಗುಣ:
ಪ್ರಪಾತ ನೋಡಿದವರು ಪ್ರಪಾತಕ್ಕೇ.
ಹಾಲಪ್ಪ ಇಳಿದು ನಿಂತರು.
"ಇಲ್ಲಿ ಏನು ಎಣಿಸೋದು?"
ರಿಬ್ಬನ್ನು ತೋರಿಸಿದೆ. ಐವತ್ತು ಹೆಜ್ಜೆಗೊಂದು.
ಅವರು ಮುಂದೆ ಮುಂದೆ ಎಣಿಸಿದರು,
ನಾನು ಹಿಂದೆ ಹಿಂದೆ ಬಿಚ್ಚಿದೆ.

ಆಮೇಲೆ ಇಳಿಜಾರು.
ಶೋಲೆಯ ಅಂಚಿಗೆ ಮುರುಕು ಮೆಟ್ಟಿಲಂಥ ಬಂಡೆಗಳು.
ಹೋದ ವರ್ಷ ನನ್ನ ಕೊರಳೆಲುಬು ಮುರಿದದ್ದು ಇಲ್ಲೇ,
ಮೂರನೆಯದು, ಪಾಚಿಯಿರುವ ಬದಿ.
ಆಮೇಲೆಯೇ ಕೊನೆಯಲ್ಲಿರುವ ಈ ಕೆಲಸ ಕೇಳಿ ಪಡೆದದ್ದು.
ಯಾರಿಗೂ ಹೇಳಿಲ್ಲ: ಇಲ್ಲಿ ಸೈಕಲ್ಲು ಹೊತ್ತು ಇಳಿಯುತ್ತೇನೆ.
ಕೊನೆಯವಳನ್ನು ನೋಡುವವರಾರು?

ಹಾಲಪ್ಪ ಸೀಟು ತಗ್ಗಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದರು.
"ನೀವು ಮುಂದೆ ಹೋಗಿ. ನಾನು ಬೀಳೋದು ಯಾರೂ ನೋಡಬಾರದು."
"ಮುಂದೆ ಹೋಗುವಂತಿಲ್ಲ ನಾನು."
"ಹಾಗಾದರೆ ಆ ಕಡೆ ತಿರುಗಿ."
ತಿರುಗಿದೆ. ಬಂಡೆಯ ಮೇಲೊಂದು ಓತಿಕ್ಯಾತ
ನನ್ನನ್ನೇ ನೋಡುತ್ತ ತಲೆಯಾಡಿಸಿತು.
ಬೆನ್ನ ಹಿಂದೆ ಬ್ರೇಕಿನ ಕೀರಲು,
ಕಲ್ಲಿಗೆ ಕಬ್ಬಿಣ, ತರಗೆಲೆ, ಒಂದು "ಅಯ್ಯೋ ಶಿವನೇ",
ಆಮೇಲೆ ಏನೂ ಇಲ್ಲ.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಕೆಳಗಿನಿಂದ,
ಕಂಬದ ತುದಿಯಿಂದ ಕೂಗುವವರ ದನಿಯಲ್ಲಿ:
"ಲೈನ್ ಕ್ಲಿಯರ್!"

ಹೊರಲಿಲ್ಲ ಈ ಸಲ.
ಮೂರನೇ ಬಂಡೆಯಲ್ಲಿ ಬಲಕ್ಕೆ ನೋಡಿದೆ, ಬಲಕ್ಕೇ ಹೋದೆ.
ಮಂಡಿ ನಡುಗಿದ್ದು ನಿಜ, ಕೂಗಿದ್ದೂ ನಿಜ.
ಕೆಳಗೆ ಹಾಲಪ್ಪ
ಮರದ ಕಡೆ ಮುಖ ಮಾಡಿ ನಿಂತಿದ್ದರು.

ಮಲ್ಲಂದೂರು ಮುಟ್ಟಿದಾಗ ಬ್ಯಾನರು ಸುತ್ತಿಟ್ಟಾಗಿತ್ತು.
ಬುಟ್ಟಿಯಲ್ಲಿ ಬಾಳೆಹಣ್ಣಿನ ಸಿಪ್ಪೆ.
ಹೊತ್ತು ಬರೆಯುವ ಹುಡುಗ ಅರವತ್ತಮೂರರ ಮುಂದೆ
ಒಂದು ಅಡ್ಡಗೆರೆ ಎಳೆದ.
ಹಾಲಪ್ಪ ಅತ್ತ ನೋಡಲೇ ಇಲ್ಲ. ಮೊಣಕೈಯ ರಕ್ತ
ಪ್ಯಾಂಟಿಗೆ ಒರೆಸಿಕೊಳ್ಳುತ್ತ ಫೋನಿನಲ್ಲಿ ಹೇಳುತ್ತಿದ್ದರು:
"ಅತ್ತಿಗುಂಡಿಗೆ ಮುಂಚೆ, ನೇರಳೆಮರದ ಪಕ್ಕದ ಕಂಬ,
ಜಂಪರ್ ಸಡಿಲ ಆಗಿದೆ.
ನಾಳೆ ಬೆಳಿಗ್ಗೆ ಒಮ್ಮೆ ನೋಡ್ರಪ್ಪ."